ರವಿವರ್ಮನ ಅಚ್ಚುಕೂಟ

ಹಳೆಯ ಮನೆಗಳ ದೇವರ ಕೋಣೆಯಲ್ಲಿ ತೂಗುಬಿಟ್ಟಿರುವ ಚಿತ್ರಪಟಗಳನ್ನು ಹತ್ತಿರ ಹೋಗಿ ನೋಡಿದವರು, ಕೆಲವು ಪಟಗಳ ಕೆಳ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳ ಸಾಲೊಂದನ್ನು ಕಂಡಿರಬಹುದು. ರವಿವರ್ಮ ಪ್ರೆಸ್, ಕಾರ್ಲಾ, ಲೋನಾವಳ ಎಂಬುದೇ ಆ ಸಾಲು. ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದು ಕುಳಿತ ಸರಸ್ವತಿ, ಪಕ್ಕದಲ್ಲಿ ನವಿಲು. ಇವನ್ನು ಬಾಲ್ಯದಿಂದಲೂ ನೋಡುತ್ತ ಬೆಳೆದವರಿಗೆ ದೇವತೆಗಳ ರೂಪವೇ ಅದು ಎಂಬಷ್ಟು ಸಲಿಗೆ ಬಂದುಬಿಟ್ಟಿದೆ. ಕೇಳಿದರೆ ಎಲ್ಲರೂ "ರವಿವರ್ಮನ ಚಿತ್ರ" ಎನ್ನುತ್ತಾರೆ. ಆ ಮಾತು ಕೆಲವು ಪಟಗಳ ವಿಷಯದಲ್ಲಿ ನಿಜ. ಅನೇಕ ಪಟಗಳ ವಿಷಯದಲ್ಲಿ ನಿಜವಲ್ಲ. ಆ ಅಚ್ಚುಕೂಟವು ರವಿವರ್ಮನ ಕೈಯಲ್ಲಿದ್ದುದು ಹತ್ತು ವರ್ಷಕ್ಕಿಂತ ಕಡಿಮೆ. ಅವನ ಕೈಬಿಟ್ಟ ಮೇಲೆ ಅವನ ಹೆಸರಿನಿಂದಲೇ ನಡೆದುದು ಸುಮಾರು ಎಪ್ಪತ್ತು ವರ್ಷ. ಕಲಾವಂತನೊಬ್ಬನು ವ್ಯಾಪಾರಕ್ಕೆ ಇಳಿದು ಸೋತ ಕಥೆ ಇದೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಸಂಗತಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ಅದು ಅಷ್ಟು ಸುಲಭವಾದ ಕಥೆಯಲ್ಲ.

ಮೊದಲನೆಯದಾಗಿ, ರವಿವರ್ಮನು ವ್ಯವಹಾರ ತಿಳಿಯದ ಮನುಷ್ಯನೆಂಬುದು ತಪ್ಪು. ಅವನು ಹುಟ್ಟಿದ್ದು ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ, 1848ರಲ್ಲಿ. ಹದಿನಾಲ್ಕನೆಯ ವಯಸ್ಸಿಗೆ, 1862ರಲ್ಲಿ, ಸೋದರಮಾವನು ಅವನನ್ನು ತಿರುವನಂತಪುರಕ್ಕೆ ಕರೆದುಕೊಂಡು ಹೋಗಿ ಮಹಾರಾಜ ಆಯಿಲ್ಯಂ ತಿರುನಾಳರ ಆಶ್ರಯದಲ್ಲಿ ಬಿಟ್ಟನು. ಎಣ್ಣೆಬಣ್ಣದ ಕೆಲಸವನ್ನು ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಡುವು ಹೇಳಿಕೊಡಲಿಲ್ಲ. 1868ರಲ್ಲಿ ಅಲ್ಲಿಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಯೂರೋಪಿಯನ್ ಚಿತ್ರಕಾರನು ಕೆಲಸಮಾಡುವಾಗ ದೂರ ನಿಂತು ನೋಡಲು ಮಾತ್ರ ಅನುಮತಿ ದೊರೆಯಿತು. ಹೀಗೆ ನೋಡಿ ಕಲಿತ ವಿದ್ಯೆ ಅವನದು. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಅವನ ನಾಯರ್ ಸ್ತ್ರೀಯ ಚಿತ್ರಕ್ಕೆ ಚಿನ್ನದ ಪದಕ ಬಂದಿತು. ಅದೇ ವರ್ಷ ವಿಯೆನ್ನಾ ನಗರದ ಪ್ರದರ್ಶನದಲ್ಲಿಯೂ ಮನ್ನಣೆ ದೊರೆಯಿತು. 1876ರ ಶಕುಂತಲೆಯ ಚಿತ್ರವನ್ನು ಮದರಾಸಿನ ಗವರ್ನರನಾಗಿದ್ದ ಬಕಿಂಗ್‌ಹ್ಯಾಮಿನ ಡ್ಯೂಕನು ಕೊಂಡುಕೊಂಡನು. ಮೋನಿಯರ್ ವಿಲಿಯಮ್ಸ್ ಪಂಡಿತನ ಶಾಕುಂತಲದ ಇಂಗ್ಲಿಷ್ ಅನುವಾದದ ಮುಖಚಿತ್ರವಾಗಿ ಆ ಚಿತ್ರವು ಅಚ್ಚಾಯಿತು. ಒಂದು ಗೋಡೆಯ ಮೇಲೆ ಒಬ್ಬ ಧಣಿಗಾಗಿ ಇರುವ ಚಿತ್ರವು, ಅಚ್ಚಿನ ಮೂಲಕ ಸಾವಿರ ಜನರ ಕೈಗೆ ಹೋಗಬಲ್ಲುದೆಂಬ ಅರಿವು ಆಗಲೇ ಮೂಡಿದ್ದರೆ ಆಶ್ಚರ್ಯವಿಲ್ಲ.

ಆಯಿಲ್ಯಂ ತಿರುನಾಳರು 1880ರಲ್ಲಿ ಕಾಲವಾದರು. ಮುಂದಿನ ಅರಸರ ಕಾಲದಲ್ಲಿ ಆಸ್ಥಾನದ ಗಾಳಿ ಬದಲಾಯಿತು. ರವಿವರ್ಮನು ಊರಿನಲ್ಲಿ ಕೊರಗುತ್ತ ಕೂಡಲಿಲ್ಲ. ತನ್ನ ವಿದ್ಯೆಗೆ ಗಿರಾಕಿಗಳನ್ನು ಹುಡುಕಿಕೊಂಡು ದೇಶದ ಮೇಲೆ ಹೊರಟನು. ರೈಲುಗಾಡಿ ಆಗ ತಾನೇ ಸೀಮೆ ಸೀಮೆಗಳನ್ನು ಹೊಲಿಯುತ್ತಿದ್ದ ಕಾಲ. 1881ರಲ್ಲಿ ಸಯಾಜಿರಾವ್ ಗಾಯಕವಾಡರ ಅಧಿಕಾರಗ್ರಹಣದ ಸಮಯಕ್ಕೆ ಬರೋಡೆಗೆ, 1885ರಲ್ಲಿ ಚಾಮರಾಜೇಂದ್ರ ಒಡೆಯರ ಮೈಸೂರಿಗೆ, ಹೀಗೆ ಸಂಸ್ಥಾನದಿಂದ ಸಂಸ್ಥಾನಕ್ಕೆ ಅವನ ಪ್ರಯಾಣ ನಡೆಯಿತು. ಜೊತೆಯಲ್ಲಿ ತಮ್ಮ ರಾಜರಾಜವರ್ಮ. ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವನಾದ ಇವನು ತಾನೂ ಚಿತ್ರಕಾರನೇ; ಪ್ರಕೃತಿದೃಶ್ಯಗಳಲ್ಲಿ ಇವನ ಕೈ ಚೆನ್ನಾಗಿತ್ತು, ಅಣ್ಣನ ಚಿತ್ರಗಳ ಹಿನ್ನೆಲೆಗಳಲ್ಲಿ ಇವನ ಕೆಲಸವೂ ಸೇರಿದೆ. ಪತ್ರವ್ಯವಹಾರ, ಹಣದ ಲೆಕ್ಕ, ಪ್ರಯಾಣದ ಏರ್ಪಾಡುಗಳ ಭಾರವೂ ಇವನ ಮೇಲೆಯೇ. ಅರಮನೆಗೆ ಬರೆದ ಚಿತ್ರಗಳನ್ನು ಒಪ್ಪಿಸುವ ಮೊದಲು ಜನರ ಮುಂದೆ ಪ್ರದರ್ಶಿಸುವುದು, ಒಂದು ಸಂಸ್ಥಾನದಲ್ಲಿ ಪಡೆದ ಕೀರ್ತಿಯನ್ನು ಮುಂದಿನ ಸಂಸ್ಥಾನಕ್ಕೆ ಪರಿಚಯಪತ್ರವನ್ನಾಗಿ ಮಾಡಿಕೊಳ್ಳುವುದು, ಇವೆಲ್ಲ ವ್ಯವಹಾರವನ್ನರಿಯದವರ ಲಕ್ಷಣಗಳಲ್ಲ.

ಕಲೆಯ ವಿಚಾರಕ್ಕೂ ವ್ಯವಹಾರದ ವಿಚಾರಕ್ಕೂ ಗಂಟು ಬಿದ್ದ ಸ್ಥಳವೊಂದನ್ನು ಇಲ್ಲಿ ನಿಧಾನವಾಗಿ ನೋಡಬೇಕು. 1888ರಲ್ಲಿ ಬರೋಡೆಯ ಅರಮನೆಗಾಗಿ ಹದಿನಾಲ್ಕು ಪುರಾಣಚಿತ್ರಗಳನ್ನು ಬರೆದುಕೊಡುವ ಕೆಲಸ ರವಿವರ್ಮನಿಗೆ ಬಂದಿತು. ದಮಯಂತಿ, ದೇವಕಿ, ಸುಭದ್ರೆ ಮೊದಲಾದವರನ್ನು ಬರೆಯಬೇಕು. ಅವರು ಉಟ್ಟಿದ್ದು ಯಾವ ಉಡುಗೆ? ಕೇರಳದ ಮುಂಡಿನಲ್ಲಿ ಬರೆದರೆ ಗುಜರಾತಿಗಳಿಗೆ ಪರಕೀಯ. ಗುಜರಾತಿನ ಲಂಗದಲ್ಲಿ ಬರೆದರೆ ತಮಿಳರಿಗೆ ಪರಕೀಯ. ಪುರಾಣವು ಎಲ್ಲರ ಸೊತ್ತು. ಉಡುಗೆಯಾದರೋ ಊರಿಗೊಂದು, ಜಾತಿಗೊಂದು. ಅಣ್ಣತಮ್ಮಂದಿರಿಬ್ಬರೂ ಈ ಪ್ರಶ್ನೆಯನ್ನು ಹೊತ್ತುಕೊಂಡು ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿದರು. ಕೊನೆಗೆ ನಿಂತದ್ದು ಸೀರೆಯ ಮೇಲೆ. ನಿರಿಗೆ, ಸೆರಗು, ಅಂಚು ಉಳ್ಳ ಸೀರೆ, ಅದರ ಮೇಲೆ ಯಾವ ಒಂದು ಸೀಮೆಗೂ ಪೂರ್ತಿಯಾಗಿ ಸೇರದ ಒಡವೆಗಳು. ದಮಯಂತಿಯು ಹೀಗೆ ಎಲ್ಲಿಯವಳೂ ಅಲ್ಲದೆ ಎಲ್ಲರವಳೂ ಆದಳು. ಪುರಾಣಕಾಲದಲ್ಲಿ ಹೀಗೆ ಇತ್ತೆಂದು ಯಾರೂ ಪ್ರಮಾಣಮಾಡಲಾರರು. ಆದರೆ ಚಿತ್ರಕಾರನ ನಿರ್ಣಯವು ಚರಿತ್ರೆಯ ಪ್ರಮಾಣಕ್ಕಿಂತ ಬೇರೆಯಾದ ಒಂದು ಪ್ರಮಾಣವನ್ನು ಗುರಿಯಾಗಿಟ್ಟುಕೊಂಡಿತ್ತು: ಕಾಶಿಯಿಂದ ಕನ್ಯಾಕುಮಾರಿಯವರೆಗೆ ಯಾವ ಮನೆಯ ಹೆಂಗಸು ನೋಡಿದರೂ ಇವಳು ನಮ್ಮವಳೆನ್ನಬೇಕು. ಇದನ್ನು ಸೌಂದರ್ಯದೃಷ್ಟಿಯೆಂದರೂ ಸರಿಯೆ, ಮಾರುಕಟ್ಟೆಯ ದೃಷ್ಟಿಯೆಂದರೂ ಸರಿಯೆ. ಎರಡನ್ನೂ ಬೇರ್ಪಡಿಸುವುದು ಇಲ್ಲಿ ಸಾಧ್ಯವಿಲ್ಲ. ಈಚೆಗೆ ಕಲಾನಿರ್ದೇಶನವೆಂದು ಕರೆಯುವ ಕೆಲಸದ ತಿರುಳು ಇದೇ. ಏನನ್ನು ತೋರಿಸಬೇಕು, ಯಾರಿಗೆ ತೋರಿಸಬೇಕು, ಅವರಿಗೆ ಕಾಣುವಂತೆ ಹೇಗೆ ಮಾಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಒಂದೇ ಉತ್ತರವನ್ನು ಕಂಡುಹಿಡಿಯುವುದು. ಆ ಚಿತ್ರಗಳು ಬರೋಡೆಯನ್ನು ಸೇರುವಷ್ಟರಲ್ಲಿ ತಿರುವನಂತಪುರದಲ್ಲಿಯೂ ಮುಂಬಯಿಯಲ್ಲಿಯೂ ಜನರು ಗುಂಪುಗೂಡಿ ನೋಡಿದರು.

ಇಂಥ ಚಿತ್ರಗಳನ್ನು ಅಚ್ಚುಮಾಡಿಸಿ ಹಂಚಬೇಕೆಂಬ ಸಲಹೆಯನ್ನು ರವಿವರ್ಮನಿಗೆ ಕೊಟ್ಟವರು ತಿರುವಾಂಕೂರಿಗೂ ಬರೋಡೆಗೂ ದಿವಾನರಾಗಿದ್ದ ಸರ್ ಟಿ. ಮಾಧವರಾಯರು. ಆಯ್ದ ಕೆಲವು ಚಿತ್ರಗಳನ್ನು ಯೂರೋಪಿಗೆ ಕಳುಹಿಸಿ ಎಣ್ಣೆಬಣ್ಣದ ಚಿತ್ರದಂತೆಯೇ ತೋರುವ ಅಚ್ಚಿನ ಪ್ರತಿಗಳನ್ನು ತೆಗೆಸಬೇಕೆಂಬುದು ಅವರ ಮಾತು. ಈ ಸಲಹೆಯನ್ನು ಹಾಗೆಯೇ ಒಪ್ಪಿಕೊಂಡಿದ್ದರೆ ಮುಂದಿನ ಕಷ್ಟಗಳು ಬಹುಮಟ್ಟಿಗೆ ತಪ್ಪುತ್ತಿದ್ದುವು. ಯಂತ್ರದ ಚಿಂತೆ, ಆಳುಗಳ ಚಿಂತೆ ಯೂರೋಪಿನ ಅಚ್ಚಿನವರದು. ಚಿತ್ರಕಾರನದು ಚಿತ್ರ ಬರೆಯುವುದಷ್ಟೆ. ರವಿವರ್ಮನು ಬೇರೆ ದಾರಿಯನ್ನು ಹಿಡಿದನು. ಯಂತ್ರವನ್ನು ಇಲ್ಲಿಗೇ ತರಿಸಿ, ಕೆಲಸ ಬಲ್ಲವರನ್ನೂ ತರಿಸಿ, ಮುಂಬಯಿಯಲ್ಲಿ ಸ್ವಂತ ಅಚ್ಚುಕೂಟವನ್ನು 1894ರಲ್ಲಿ ಆರಂಭಿಸಿದನು. ಅದರ ಹಿಂದಿನ ವರ್ಷವಷ್ಟೆ ಅಮೆರಿಕಾದ ಷಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಅವನ ಹತ್ತು ಚಿತ್ರಗಳಿಗೆ ಎರಡು ಪದಕಗಳು ಬಂದಿದ್ದುವು. ಹೆಸರು ಶಿಖರಕ್ಕೇರಿದ್ದ ಸಮಯ. ಬಂಡವಾಳಕ್ಕೆ ಮುಂಬಯಿಯ ವರ್ತಕನೊಬ್ಬನ ಪಾಲುಗಾರಿಕೆಯೂ ದೊರೆಯಿತು.

ಪೇಟೆ ಬರಿದಾಗಿರಲಿಲ್ಲ. ಪುಣೆಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರೂ ಅವರ ಗೆಳೆಯರೂ ಸ್ಥಾಪಿಸಿದ ಚಿತ್ರಶಾಲಾ ಮುದ್ರಣಾಲಯವೂ, ಕಲ್ಕತ್ತೆಯಲ್ಲಿ ಅನ್ನದಾಪ್ರಸಾದ ಬಾಗ್ಚಿಯೂ ಸರ್ಕಾರಿ ಕಲಾಶಾಲೆಯಲ್ಲಿ ಕಲಿತವರೂ ಸೇರಿ ನಡೆಸಿದ ಕಲ್ಕತ್ತಾ ಆರ್ಟ್ ಸ್ಟುಡಿಯೋವೂ 1878ರಿಂದ ದೇವರ ಪಟಗಳನ್ನು ಅಚ್ಚುಮಾಡುತ್ತಿದ್ದುವು. ಜರ್ಮನಿಯಿಂದ ಹಡಗಿನಲ್ಲಿ ಬರುತ್ತಿದ್ದ ಅಗ್ಗದ ಪಟಗಳು ಬೇರೆ. ಇವುಗಳ ನಡುವೆ ರವಿವರ್ಮನ ಪಟವು ಗೆಲ್ಲಬೇಕಾದರೆ ಬೆಲೆಯ ಅಗ್ಗದಿಂದ ಗೆಲ್ಲುವಂತಿರಲಿಲ್ಲ. ಚಿತ್ರದ ಗುಣದಿಂದಲೇ ಗೆಲ್ಲಬೇಕಾಗಿದ್ದಿತು. ಅಲ್ಲಿಯೇ ಇಕ್ಕಟ್ಟು.

ಆ ಇಕ್ಕಟ್ಟನ್ನು ತಿಳಿಯಬೇಕಾದರೆ ಕಲ್ಲಚ್ಚಿನ ಕೆಲಸವನ್ನು ಸ್ವಲ್ಪ ಬಲ್ಲವರಾಗಬೇಕು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರ್ ಎಂಬವನು ಕಂಡುಹಿಡಿದ ವಿದ್ಯೆ ಇದು. ಬವೇರಿಯಾ ಸೀಮೆಯಲ್ಲಿ ಸಿಗುವ ಒಂದು ಜಾತಿಯ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರವನ್ನು ಬರೆಯುತ್ತಾರೆ. ಕಲ್ಲಿಗೆ ನೀರು ಸವರಿದರೆ ಜಿಡ್ಡಿರುವ ಕಡೆ ನೀರು ನಿಲ್ಲುವುದಿಲ್ಲ. ಆಮೇಲೆ ಬಣ್ಣದ ಉರುಳೆಯನ್ನು ಹೊರಳಿಸಿದರೆ ನೀರಿರುವ ಕಡೆ ಬಣ್ಣ ಹಿಡಿಯುವುದಿಲ್ಲ. ಕಾಗದವನ್ನು ಒತ್ತಿದರೆ ಚಿತ್ರ ಇಳಿಯುತ್ತದೆ. ಒಂದು ಕಲ್ಲಿಗೆ ಒಂದೇ ಬಣ್ಣ. ಹಳದಿಗೊಂದು ಕಲ್ಲು, ಕೆಂಪಿಗೊಂದು, ನೀಲಿಗೊಂದು, ಮೈಬಣ್ಣಕ್ಕೊಂದು, ಅದರ ನೆರಳಿಗೆ ಮತ್ತೊಂದು. ಎಣ್ಣೆಬಣ್ಣದಲ್ಲಿ ಕುಂಚದ ಒಂದು ಎಳೆತಕ್ಕೆ ಮೂಡುವ ಕೆನ್ನೆಯ ಹೊಳಪನ್ನು ಕಲ್ಲಿನ ಮೇಲೆ ತರಲು ಸಾವಿರಾರು ಸಣ್ಣ ಚುಕ್ಕೆಗಳನ್ನು, ಅದೂ ಎಡಬಲ ತಿರುಗಿಸಿ, ಕೈಯಿಂದ ಇಡಬೇಕು. ಒಂದೇ ಹಾಳೆಯು ಕಲ್ಲಿನಿಂದ ಕಲ್ಲಿಗೆ ಹೋಗಬೇಕು, ನಡುನಡುವೆ ಒಣಗಬೇಕು, ಪ್ರತಿಸಲವೂ ಕೂದಲೆಳೆಯಷ್ಟೂ ತಪ್ಪದೆ ಹಿಂದಿನ ಗುರುತಿನ ಮೇಲೆಯೇ ಕೂಡಬೇಕು. ತಪ್ಪಿದರೆ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತದೆ. ಕೊನೆಯಲ್ಲಿ ವಾರ್ನೀಷು ಬಳಿದು, ಕೆಲವು ವೇಳೆ ಬಟ್ಟೆಯ ನೆಯ್ಗೆಯ ಗೆರೆಗಳನ್ನೂ ಒತ್ತಿದರೆ, ದೂರದಿಂದ ನೋಡುವವರಿಗೆ ಎಣ್ಣೆಬಣ್ಣದ ಚಿತ್ರವೆಂದೇ ತೋರುವುದು.

ಇಲ್ಲಿ ಕಲೆಯ ಪ್ರಶ್ನೆಯೊಂದೊಂದೂ ಹಣದ ಪ್ರಶ್ನೆಯೇ. ಇನ್ನೊಂದು ಕಲ್ಲನ್ನು ಸೇರಿಸಿದರೆ ಸರಸ್ವತಿಯ ಮುಖಕ್ಕೆ ಮೃದುತ್ವ ಬರುತ್ತದೆ. ಆದರೆ ಇನ್ನೊಂದು ಕಲ್ಲೆಂದರೆ ಇನ್ನೊಬ್ಬನ ಹಲವು ದಿನಗಳ ಕೂಲಿ, ಪ್ರತಿಯೊಂದು ಹಾಳೆಗೂ ಇನ್ನೊಂದು ಒತ್ತು, ಕೆಟ್ಟುಹೋಗುವ ಹಾಳೆಗಳ ಇನ್ನಷ್ಟು ರಾಶಿ. ಎರಡು ಕಲ್ಲನ್ನು ಬಿಟ್ಟರೆ ಪಟವು ಅಗ್ಗವಾಗುತ್ತದೆ. ಮುಖವು ಗೊಂಬೆಯ ಮುಖವಾಗುತ್ತದೆ. ಯಾವ ಚಿತ್ರಕ್ಕೆ ಎಷ್ಟು ಕಲ್ಲು, ಯಾವ ಬಣ್ಣವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು, ಯಾವ ಚಿತ್ರದ ಎಷ್ಟು ಪ್ರತಿ ತೆಗೆಯಬೇಕು ಎಂಬುದನ್ನು ಅಂದಂದಿಗೆ ನಿಶ್ಚಯಿಸುವವನು ಎರಡನ್ನೂ ಬಲ್ಲವನಾಗಿರಬೇಕು: ಚಿತ್ರದ ಜೀವ ಎಲ್ಲಿದೆ ಎಂಬುದನ್ನೂ, ಕಲ್ಲಿನ ಕೂಲಿ ಎಷ್ಟೆಂಬುದನ್ನೂ. ಅಷ್ಟೇ ಅಲ್ಲ, ಅವನು ಯಂತ್ರದ ಬಳಿಯಲ್ಲಿಯೇ ಇರಬೇಕು. ರವಿವರ್ಮನ ಅಚ್ಚುಕೂಟದಲ್ಲಿ ಈ ಸ್ಥಾನವೊಂದು ಬರಿದಾಗಿತ್ತು.

ಅದು ಅಣ್ಣತಮ್ಮಂದಿರ ಅಲಕ್ಷ್ಯದಿಂದ ಆದುದಲ್ಲ. ಅಚ್ಚುಕೂಟಕ್ಕೆ ಹಣ ಬೇಕು. ಹಣ ಬರುತ್ತಿದ್ದುದು ಅರಸುಮನೆಗಳ ಚಿತ್ರಗಳಿಂದ. ಆ ಚಿತ್ರಗಳಿಗಾಗಿ ಊರೂರು ಅಲೆಯಬೇಕು. ಅಲೆದಷ್ಟೂ ಅಚ್ಚುಕೂಟದಿಂದ ದೂರ. ರಾಜರಾಜವರ್ಮನು ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿಯು ಉಳಿದುಬಂದಿದ್ದು ಈಚಿನ ವರ್ಷಗಳಲ್ಲಿ ಪ್ರಕಟವೂ ಆಗಿದೆ. ಪ್ರಯಾಣ, ಚಿತ್ರಕ್ಕೆ ಕೂಡುವವರ ಸಮಯ, ನಾಟಕ, ಭೇಟಿ ಇವುಗಳ ನಡುವೆ ಅಚ್ಚುಕೂಟದ ಚಿಂತೆಯು ಅದರಲ್ಲಿ ತಲೆದೋರುತ್ತದೆ. ಕುಂಚ ಹಿಡಿದು ಗಳಿಸಿದುದನ್ನು ಕಲ್ಲು ತಿನ್ನುತ್ತಿತ್ತು.

ಮೊದಲು ಹೊರಬಂದ ಪಟವನ್ನೇ ನೋಡಬಹುದು. ಅದು ಶಕುಂತಲಾ ಜನನ. ಮೇನಕೆ ಮಗುವನ್ನು ಮುಂದೊಡ್ಡಿ ನಿಂತಿದ್ದಾಳೆ. ವಿಶ್ವಾಮಿತ್ರನು ಕೈ ಅಡ್ಡಹಿಡಿದು ಮುಖ ತಿರುಗಿಸಿದ್ದಾನೆ. ಚಿತ್ರವಾಗಿ ಅದು ನಾಟಕದ ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸಿದಂತಿದೆ. ಚಿತ್ರಕಾರನ ಶಕ್ತಿ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಗೃಹಸ್ಥನೊಬ್ಬನು ಸಂತೆಯಿಂದ ಪಟವೊಂದನ್ನು ಕೊಂಡು ಮನೆಗೆ ತರುವಾಗ, ಹೆತ್ತ ಕೂಸನ್ನು ಒಲ್ಲೆನೆನ್ನುವ ಋಷಿಯನ್ನು ಗೋಡೆಗೆ ಹಾಕಿಕೊಳ್ಳುವನೆ? ಅವನಿಗೆ ಬೇಕಾದುದು ಕೈಮುಗಿಯಬಹುದಾದ ಪಟ. ಎದುರಿಗೆ ನೋಡುವ ಮುಖ, ವರದ ಹಸ್ತ, ಹೂ ಮುಡಿಸಲು ಅನುಕೂಲವಾದ ಚೌಕಟ್ಟು. ಲಕ್ಷ್ಮಿಯೂ ಸರಸ್ವತಿಯೂ ಹೊರಬಿದ್ದಾಗ ದೇಶವು ಅವುಗಳನ್ನು ಎರಡು ಕೈಯಿಂದ ಬರಮಾಡಿಕೊಂಡಿತು. ಅರಮನೆಯ ಗೋಡೆಗೆ ಕಥೆ ಬೇಕು, ಮನೆಯ ಗೋಡೆಗೆ ದೇವರು ಬೇಕು. ಹೆಂಗಸರು ಪಟದ ಸೀರೆಗೆ ಜರಿಯನ್ನು ಹೊಲಿದರು, ಒಡವೆಗಳ ಮೇಲೆ ಮಣಿ ಪೋಣಿಸಿದರು, ಬೇಗಡೆ ಅಂಟಿಸಿದರು. ಅಚ್ಚಿನಿಂದ ಸಾವಿರ ಒಂದೇ ಆಗಿ ಬಂದ ಲಕ್ಷ್ಮಿಯು ಒಂದೊಂದು ಮನೆಯಲ್ಲಿ ಒಂದೊಂದು ಸೀರೆಯನ್ನುಟ್ಟು ಆ ಮನೆಯವಳೇ ಆದಳು. ಇಂಥ ಅಲಂಕಾರಗಳನ್ನು ಕಲಾವಿಮರ್ಶಕರು ನಕ್ಕು ಬಿಟ್ಟುಬಿಡುವುದುಂಟು. ಅಚ್ಚುಕೂಟದವನು ಮಾತ್ರ ಇದನ್ನು ಕಲಿಯಬೇಕಾದ ಪಾಠವಾಗಿ ನೋಡಬೇಕಾಗಿತ್ತು.

ಇಷ್ಟರಲ್ಲಿ ಕಾಲವೂ ಪ್ರತಿಕೂಲವಾಯಿತು. 1896ರಲ್ಲಿ ಮುಂಬಯಿಗೆ ಪ್ಲೇಗುಮಾರಿ ಬಂದಿತು. ಊರಿಗೆ ಊರೇ ಗಂಟುಮೂಟೆ ಕಟ್ಟಿತು, ಕೆಲಸದಾಳುಗಳು ಚೆದರಿದರು. ಅದರ ಹಿಂದೆಯೇ ದಖ್ಖನಿನಲ್ಲಿಯೂ ಗುಜರಾತಿನಲ್ಲಿಯೂ ಕ್ಷಾಮ. ಅನ್ನಕ್ಕೇ ಇಲ್ಲದ ವರ್ಷಗಳಲ್ಲಿ ಪಟ ಕೊಳ್ಳುವ ಕೈ ಬಿಗಿಯಾಗುವುದು ಸಹಜ. ಪಾಲುಗಾರಿಕೆಯೂ ಮುರಿಯಿತು. 1899ರಲ್ಲಿ ಅಚ್ಚುಕೂಟವನ್ನು ಮುಂಬಯಿ-ಪುಣೆ ರೈಲುದಾರಿಯಲ್ಲಿ ಲೋನಾವಳದ ಬಳಿಯ ಮಳವಳಿಗೆ, ಕಾರ್ಲಾ ಗುಹೆಗಳಿಗೆ ಸಮೀಪವಾದ ಸ್ಥಳಕ್ಕೆ ಸಾಗಿಸಲಾಯಿತು. (ಮಂಡ್ಯದ ಕಡೆಯ ಮಳವಳ್ಳಿಯೇ ಬೇರೆ, ಇದೇ ಬೇರೆ.) ನಗರದ ರೋಗದಿಂದ ದೂರವೇನೋ ಹೌದು, ಆದರೆ ಸಹ್ಯಾದ್ರಿಯ ಆ ಮಗ್ಗುಲಲ್ಲಿ ಮಳೆ ತಿಂಗಳುಗಟ್ಟಲೆ ಹಿಡಿಯುತ್ತದೆ. ತೇವ ಹೀರಿದ ಕಾಗದ ಹಿಗ್ಗುತ್ತದೆ. ಹಿಗ್ಗಿದ ಹಾಳೆಯು ಕಲ್ಲಿನ ಗುರುತಿಗೆ ಕೂಡುವುದಿಲ್ಲ. ಕಾಗದ, ಕಲ್ಲು, ಬಣ್ಣ ಇವುಗಳಲ್ಲಿ ಬಹುಪಾಲು ಸಮುದ್ರದಾಚೆಯಿಂದ ಬರಬೇಕು. ಇತರ ಅಚ್ಚುಕೂಟದವರು ರವಿವರ್ಮನ ಚಿತ್ರಗಳನ್ನು ನಾಚಿಕೆಯಿಲ್ಲದೆ ನಕಲುಮಾಡಿ ಮಾರುತ್ತಿದ್ದುದು ಇದಕ್ಕೆ ಸೇರಿತು. ಜನಪ್ರಿಯತೆಯು ಹೆಚ್ಚಿದಷ್ಟೂ ನಕಲು ಹೆಚ್ಚು. ಅದರ ಲಾಭ ಬೇರೆಯವರಿಗೆ, ಮೂಲದ ಖರ್ಚು ಇವರಿಗೆ. ಶತಮಾನವು ತಿರುಗುವ ಹೊತ್ತಿಗೆ ಅಚ್ಚುಕೂಟವು ಸಾಲದಲ್ಲಿ ಮುಳುಗಿತ್ತು.

ಕೊಂಡವನು ಹೊರಗಿನವನಲ್ಲ, ಅಲ್ಲಿಯೇ ಕೆಲಸಮಾಡುತ್ತಿದ್ದ ಫ್ರಿಟ್ಸ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಯಂತ್ರ, ಕಲ್ಲುಗಳು, ಚಿತ್ರಗಳನ್ನು ಅಚ್ಚುಮಾಡುವ ಹಕ್ಕು, ಕಡೆಗೆ ರವಿವರ್ಮನೆಂಬ ಹೆಸರು ಕೂಡ ಅವನ ಪಾಲಾಯಿತು. ಈ ಘಟ್ಟದಲ್ಲಿ ಅವನನ್ನು ಕಥೆಯ ದುಷ್ಟನನ್ನಾಗಿ ಮಾಡುವ ಆಸೆ ಬರೆಯುವವರಿಗೆ ಸುಲಭವಾಗಿ ಹುಟ್ಟುತ್ತದೆ. ಅದು ನ್ಯಾಯವಲ್ಲ. ಅವನು ಯಂತ್ರದ ಪಕ್ಕದಲ್ಲಿ ನಿಂತಿದ್ದವನು. ಯಾವ ಕಲ್ಲು ಎಷ್ಟು ದುಡಿಯುತ್ತದೆಂಬುದು ಅವನಿಗೆ ಗೊತ್ತು. ಯಂತ್ರವು ಒಂದು ದಿನ ಸುಮ್ಮನಿದ್ದರೂ ನಷ್ಟವೆಂಬುದು ಗೊತ್ತು. ದೇವರ ಪಟಗಳಿಗೆ ಬೇಡಿಕೆ ಇಲ್ಲದ ತಿಂಗಳಿನಲ್ಲಿ ವ್ಯಾಪಾರಿಗಳ ಸರಕಿನ ಚೀಟಿಗಳನ್ನೂ ಜಾಹೀರಾತುಗಳನ್ನೂ ಅಚ್ಚುಮಾಡಿ ಯಂತ್ರವನ್ನು ನಡೆಯಿಸಿದನು. ರವಿವರ್ಮನಿಗೆ ಇದು ಹೊಳೆಯದೆ ಇದ್ದಿರಲಾರದು. ಆದರೆ ದಮಯಂತಿಯ ಉಡುಗೆಗಾಗಿ ಅರ್ಧ ದೇಶ ಸುತ್ತಿದವನು ಸರಕಿನ ಚೀಟಿಗೆ ಮನಸ್ಸು ಕೊಡುವುದು ಕಷ್ಟ. ಶ್ಲೈಷರನ ಕೈಯಲ್ಲಿ ಅಚ್ಚುಕೂಟವು ಲಾಭದ ದಾರಿಗೆ ಬಂದಿತು.

ಆದರೆ ಬರಿದಾಗಿದ್ದ ಸ್ಥಾನವು ತುಂಬಿತೆಂದು ಹೇಳುವಂತಿಲ್ಲ. ಮೊದಲು ಕಣ್ಣಿತ್ತು, ಲೆಕ್ಕ ಕೈಗೆ ಸಿಕ್ಕಲಿಲ್ಲ; ಈಗ ಲೆಕ್ಕವಿತ್ತು, ಕಣ್ಣನ್ನು ಕೂಲಿಗೆ ತರಬೇಕಾಯಿತು. ಹಳೆಯ ಕಲ್ಲುಗಳು ಇರುವಷ್ಟು ಕಾಲ ಹಳೆಯ ಚಿತ್ರಗಳೇ ಮತ್ತೆ ಮತ್ತೆ ಹೊರಬಂದುವು. ಹೊಸ ಚಿತ್ರಗಳಿಗೆ ಬೇರೆ ಬೇರೆ ಚಿತ್ರಕಾರರನ್ನು ಹಿಡಿಯಲಾಯಿತು. ಮುಂಬಯಿಯ ಎಂ. ವಿ. ಧುರಂಧರನಂಥ ಸಮರ್ಥನು ಅವರಲ್ಲಿದ್ದನು. ಹೆಸರಿಲ್ಲದ ಸಾಧಾರಣರೂ ಅನೇಕರಿದ್ದರು. ಅವರು ರವಿವರ್ಮನ ಸೀರೆಯನ್ನು ತೆಗೆದುಕೊಂಡರು, ಒಡವೆಯನ್ನು ತೆಗೆದುಕೊಂಡರು, ಕೊಳ ಕಮಲ ಆನೆ ನವಿಲುಗಳನ್ನು ತೆಗೆದುಕೊಂಡರು. ಸೀರೆಯೇ ಏಕೆ, ಬೇರೆ ಏಕಲ್ಲ ಎಂಬ ಪ್ರಶ್ನೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಅವರಿಗೆ ಅದು ಉತ್ತರ ಸಿಕ್ಕಿ ಮುಗಿದ ಪ್ರಶ್ನೆ. ಬಣ್ಣಗಳು ಬರಬರುತ್ತ ಗಾಢವಾದುವು, ಮುಖಗಳು ಒಂದನ್ನೊಂದು ಹೋಲತೊಡಗಿದುವು. ರವಿವರ್ಮನ ಮೂಲಚಿತ್ರದ ಸರಸ್ವತಿಯ ಪಕ್ಕದಲ್ಲಿ ಈ ಕಾಲದ ಪಟವೊಂದನ್ನು ಇಟ್ಟು ನೋಡಿದರೆ, ಅದೇ ಭಂಗಿ, ಅದೇ ವೀಣೆ. ಬೆರಳು ಮಾತ್ರ ತಂತಿಯನ್ನು ಮೀಟುತ್ತಿಲ್ಲವೆಂದು ತೋರುವುದು.

ಪ್ರಸಂಗವಶಾತ್ ಇನ್ನೊಬ್ಬನ ಹೆಸರನ್ನು ಇಲ್ಲಿ ಹೇಳಬಹುದು. ಲೋನಾವಳದಲ್ಲಿ ಸಣ್ಣ ಮುದ್ರಣದ ಉದ್ಯೋಗವೊಂದನ್ನು ನಡೆಸುತ್ತ, ಛಾಯಾಚಿತ್ರದ ಸಹಾಯದಿಂದ ಕಲ್ಲಿಗೆ ಚಿತ್ರವನ್ನು ಇಳಿಸುವ ಕೆಲಸವನ್ನು ರವಿವರ್ಮ ಪ್ರೆಸ್ಸಿಗಾಗಿ ಮಾಡಿಕೊಡುತ್ತಿದ್ದವನು ಧುಂಡಿರಾಜ ಗೋವಿಂದ ಫಾಳ್ಕೆ. ಅವನು ಆಮೇಲೆ ಪಾಲುಗಾರರೊಡನೆ ಸೇರಿ ಮುಂಬಯಿಯಲ್ಲಿ ಅಚ್ಚುಕೂಟ ನಡೆಸಿ, ಜರ್ಮನಿಗೆ ಹೋಗಿ ಬಣ್ಣದ ಯಂತ್ರವನ್ನೂ ತಂದು, ಪಾಲುಗಾರರೊಡನೆ ಹೊಂದಿಕೊಳ್ಳಲಾರದೆ 1911ರಲ್ಲಿ ಅದನ್ನು ಬಿಟ್ಟು ಹೊರಟನು. 1913ರಲ್ಲಿ ಅವನ ರಾಜಾ ಹರಿಶ್ಚಂದ್ರ ಚಲಚ್ಚಿತ್ರವು ಪ್ರದರ್ಶಿತವಾಯಿತು. ವಸ್ತು, ವೇಷ, ಪರದೆ, ಕ್ಯಾಮರಾ, ಹಣ, ಹಂಚಿಕೆ ಎಲ್ಲದರಲ್ಲಿಯೂ ತಾನೇ ಕೈಯಿಟ್ಟವನು ಅವನು. ಕಲ್ಲಿನ ಪಕ್ಕದಲ್ಲಿ ನಿಂತು ಕಲಿತವನಿಗೆ ಆ ಪಾಠ ಹತ್ತಿತೆಂದು ತಿಳಿಯಬಹುದೋ ಏನೋ. ಅವನ ಮುಂದಿನ ದಿನಗಳೂ ಸುಖವಾಗಿ ಕಳೆಯಲಿಲ್ಲವೆಂಬುದು ಬೇರೆ ಮಾತು.

ರವಿವರ್ಮನ ಕೀರ್ತಿಗೆ ಈ ಅಚ್ಚುಕೂಟದಿಂದ ಆದ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ತೂಗುವುದು ಸುಲಭವಲ್ಲ. ಅವನು ಕಾಲವಾದ ಮರುವರ್ಷವೇ ಆನಂದ ಕುಮಾರಸ್ವಾಮಿಯಂಥ ವಿದ್ವಾಂಸರು ಅವನ ಪುರಾಣಚಿತ್ರಗಳನ್ನು ಕಟುವಾಗಿ ಖಂಡಿಸಿ ಬರೆದರು. ದೇವತೆಗಳಲ್ಲಿ ದೈವತ್ವವಿಲ್ಲ, ನಾಟಕದ ವೇಷವಿದೆ ಎಂಬ ರೀತಿಯ ಆಕ್ಷೇಪಣೆ ಅದು. ಕಲ್ಕತ್ತೆಯ ಹೊಸ ಚಿತ್ರಸಂಪ್ರದಾಯದವರೂ ಅದೇ ಪಕ್ಷ. ಆ ಟೀಕೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಊರೂರಿನ ಅಂಗಡಿಗಳಲ್ಲಿ ಆ ಹೆಸರನ್ನು ಹೊತ್ತು ತೂಗುತ್ತಿದ್ದ ಪಟಗಳ ಪಾಪವೂ ಚಿತ್ರಕಾರನ ತಲೆಗೇ ಬಂದಿತೆಂಬುದನ್ನು ನೆನೆಯಬೇಕು. ಹೆಸರನ್ನು ಮಾರಿದವನಿಗೆ ಹೆಸರಿನ ಮೇಲೆ ಹಿಡಿತ ಉಳಿಯುವುದಿಲ್ಲ. ಸಾಲ ತೀರಿಸುವ ಅವಸರದಲ್ಲಿ ಬರೆದ ಕ್ರಯಪತ್ರದಲ್ಲಿ ಇದಕ್ಕೊಂದು ಬೆಲೆ ಕಟ್ಟಲು ಯಾರಿಂದ ತಾನೇ ಆದೀತು?

ಅಚ್ಚುಕೂಟದ ಹೊರೆ ಇಳಿದ ಮೇಲೆ ಅಣ್ಣತಮ್ಮಂದಿರಿಗೆ ದೊರೆತ ದೊಡ್ಡ ಕೆಲಸ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣವಿಷಯವಾದ ಒಂಬತ್ತು ಚಿತ್ರಗಳನ್ನು ಬರೆಸಲು ನಿಶ್ಚಯಿಸಿದರು. ಕೆಲಸ ನಡೆದುದು 1904ರಿಂದ. ಮತ್ತೆ ಹಳೆಯ ರೀತಿ: ಒಬ್ಬ ಅರಸರು, ಒಂದು ಗೋಡೆ, ಒಂದೊಂದೇ ಚಿತ್ರ. ಯಾವ ಬಣ್ಣವನ್ನೂ ಕಲ್ಲಿನ ಲೆಕ್ಕಕ್ಕೆ ಹೆದರಿ ಬಿಡಬೇಕಾಗಿಲ್ಲ. ಕಲ್ಲಿನ ಮೇಲೆ ಹತ್ತು ಒತ್ತಿಗೂ ಬಾರದ ಇಬ್ಬನಿಯಂಥ ಬಿಳುಪನ್ನು, ಸಂಜೆಯ ಮಬ್ಬನ್ನು ಬೇಕಾದಷ್ಟು ಬಳಸಬಹುದು. ಆದರೆ ಆ ನೆಮ್ಮದಿ ಹೆಚ್ಚುದಿನ ಉಳಿಯಲಿಲ್ಲ. 1905ರಲ್ಲಿ ತಮ್ಮ ತೀರಿಕೊಂಡನು. ಹಿನ್ನೆಲೆಯ ಬೆಟ್ಟ, ನೀರು, ಆಕಾಶಗಳನ್ನು ಬರೆಯುತ್ತಿದ್ದ ಕೈ, ಪತ್ರಗಳನ್ನೂ ಲೆಕ್ಕವನ್ನೂ ಬರೆಯುತ್ತಿದ್ದ ಕೈ, ಎರಡೂ ಒಟ್ಟಿಗೆ ಹೋದುವು. ಅಣ್ಣನಿಗೆ ದೇಹಸ್ಥಿತಿಯೂ ಸರಿಯಿರಲಿಲ್ಲ. ಅವನು 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ಕಾಲವಾದನು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ರವಿವರ್ಮನ ಮೂಲಚಿತ್ರಗಳ ಎದುರಿಗೆ ನಿಂತವರಿಗೆ, ಮನೆಯ ಗೋಡೆಯ ಪಟಕ್ಕೂ ಇವಕ್ಕೂ ಇರುವ ದೂರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಚ್ಚುಕೂಟವು ಶ್ಲೈಷರನ ಕಾಲವನ್ನೂ ದಾಟಿ ಅವನ ಅನಂತರದವರ ಕೈಯಲ್ಲಿ ನಡೆಯುತ್ತಲೇ ಇದ್ದಿತು. 1972ರಲ್ಲಿ ಬೆಂಕಿ ಬಿದ್ದು ಕಾರ್ಖಾನೆಯು ಸುಟ್ಟುಹೋಯಿತು. ಎಷ್ಟೋ ಹಳೆಯ ಅಚ್ಚುಪಟಗಳು ಅದರೊಡನೆ ನಾಶವಾದುವು. ಉಳಿದುವು ಮನೆಮನೆಯ ಗೋಡೆಯ ಮೇಲೆ, ಕೆಲವು ಜರಿಯ ಸೀರೆಯುಟ್ಟು, ಕೆಲವು ಹೊಗೆ ಹಿಡಿದು, ಕೆಳ ಅಂಚಿನಲ್ಲಿ ಆ ಸಣ್ಣ ಅಕ್ಷರಗಳ ಸಾಲನ್ನು ಹೊತ್ತುಕೊಂಡು ನಿಂತಿವೆ.